ಅರ್ಧ ಉರಿದ ಮೇಣದಬತ್ತಿ

"ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳು, ಹಾಮೋ. ಹುಡುಗಿಗೆ ಹದಿನೈದಷ್ಟೇ ಅಲ್ವಾ? ನೀನು ನಡೆಸ್ತಿರೋ ಹಿಟ್ಟಿನ ಗಿರಣಿ ಯಾರ್ದು ಅನ್ನೋದೂ ನೆನಪಿರ್ಲಿ," ಎಂದ ಫುಲ್ಕ್ ದೊರೆ.

ಚರ್ಚಿನಲ್ಲಿ ವಿಚಾರಣೆಗೆ ಕೂತಿದ್ದ ಅರಸನ ಅಧಿಕಾರಿ ಕಾಯುತ್ತಿದ್ದ. ಥಾರ್ಸ್‌ಬಿ ವಂಶದಲ್ಲಿ ಉಳಿದವಳು ಆವೆಲಿನಾ ಒಬ್ಬಳೇ. ಅವಳಿಗೆ ಹದಿನಾರು ತುಂಬಿದೆಯೆಂದು ಊರವರು ಸಾಕ್ಷಿ ಹೇಳಿದರೆ ಮನೆತನದ ಭೂಮಿ ಅವಳ ಕೈಸೇರುತ್ತದೆ. ಇಲ್ಲದಿದ್ದರೆ ಪೋಷಕನಾದ ಫುಲ್ಕ್ ಅವಳನ್ನು ತನ್ನ ಮಗನಿಗೆ ಕಟ್ಟುತ್ತಾನೆ. ಮೊದಲು ಬಂದವರೆಲ್ಲ ನೆನಪಿಲ್ಲವೆಂದು ತಲೆ ತಗ್ಗಿಸಿ ಹೋಗಿದ್ದರು.

ಹಾಮೋ ಅಂಗಿಯೊಳಗಿಂದ ಬಟ್ಟೆ ಸುತ್ತಿದ ಮೇಣದಬತ್ತಿಯ ತುಂಡು ತೆಗೆದು ಮೇಜಿನ ಮೇಲಿಟ್ಟ. "ಇದು ಆವೆಲಿನಾ ಅಮ್ಮಣ್ಣಿ ಹುಟ್ಟಿದಾಗ ದೀಕ್ಷಾಸ್ನಾನಕ್ಕೆ ಹಚ್ಚಿದ್ದು, ಸ್ವಾಮಿ. ಅವತ್ತೇ ನನ್ ಮಗನ್ನ ಇದೇ ಚರ್ಚಿನ ಹೊರಗೆ ಮಣ್ಣು ಮಾಡ್ತಿದ್ವಿ. ನನ್ ಹತ್ರ ದೀಪಕ್ಕೂ ಗತಿ ಇರ್ಲಿಲ್ಲ. ಅಮ್ಮಣ್ಣಿಯ ಅಪ್ಪನೇ ಬಂದು ಈ ಬತ್ತಿ ಕೈಯಾರೆ ಕೊಟ್ರು."

"ಮುದುಕಂಗೆ ವರ್ಷದ ಲೆಕ್ಕ ತಪ್ಪಿದೆ," ಎಂದು ಫುಲ್ಕ್ ನಕ್ಕ.

ಹಾಮೋ ಸೊಂಟದಿಂದ ಗಿರಣಿಯ ಬೀಗದಕೈ ಬಿಚ್ಚಿ ಬತ್ತಿಯ ಪಕ್ಕದಲ್ಲಿಟ್ಟ.

"ಗಿರಣಿ ತಗೊಳ್ಳಿ, ದೊರೆ. ಮಗನ್ನ ಹೂತ ವರ್ಷ ಮರೆಯೋದು ನನ್ ಕೈಲಾಗಲ್ಲ. ಅವ್ನು ಹೋಗಿ ಹದಿನಾರು ತುಂಬ್ತು. ಅಮ್ಮಣ್ಣಿಗೂ ಅಷ್ಟೇ."