ಖಾಲಿ ಮಾಡುವ ಅವಸರ

"ನಾಳೆ ಬೆಳಿಗ್ಗೇನೇ ಖಾಲಿ ಮಾಡಿಬಿಡ್ತೀವಿ ಸಾರ್," ಎಂದ ಬಾಡಿಗೆದಾರ.

ಮನೆಯ ಹೊಸ ಮಾಲೀಕ ಹೊಸ್ತಿಲಲ್ಲೇ ನಿಂತ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಬೇಡಿಕೊಳ್ಳುವ ಮಾತುಗಳೂ ಒಂದೆರಡು ಇದ್ದವು, ಬೇಕಾದೀತು ಎಂದು. ಮನೆ ಹೋದ ವಾರವಷ್ಟೇ ಅವನ ಹೆಸರಿಗಾಗಿತ್ತು. ಬಾಡಿಗೆಯ ಕರಾರು ಮುಗಿಯಲು ಇನ್ನೂ ಮೂರು ತಿಂಗಳಿತ್ತು. "ಒಳಗಿರೋರನ್ನ ಏಳಿಸೋದು ನಿಮಗೆ ಬಿಟ್ಟಿದ್ದು" ಎಂದು ಮಾರಿದವನು ಕೈ ತೊಳೆದುಕೊಂಡಿದ್ದ.

ಅವಸರ ಅಮ್ಮನ ಮಂಡಿಗಳದು. ಮೂರನೇ ಮಹಡಿಯ ಮನೆಯಿಂದ ಅಮ್ಮ ಕೆಳಗಿಳಿದು ಒಂದೂವರೆ ವರ್ಷವಾಗಿತ್ತು. ದಿನಾ ಸಂಜೆ ಕಿಟಕಿಯಲ್ಲಿ ಕುಳಿತು, ಬೀದಿಯಲ್ಲಿ ಹೋಗುವವರ ನೆತ್ತಿ ನೋಡುತ್ತಿದ್ದಳು. "ಜನರ ಮುಖ ಹೇಗಿರುತ್ತೆ ಅನ್ನೋದೇ ಮರೆತುಹೋಯ್ತು ಕಣೋ," ಎಂದು ನಗುತ್ತಿದ್ದಳು. ಆ ನಗು ಕೇಳಲಾರದೆಯೇ ಮಗ ಮನೆ ಹುಡುಕಲು ಹೊರಟಿದ್ದು. ಈ ಮನೆ ನೆಲಮಹಡಿಯದು. ಹೊಸ್ತಿಲು ದಾಟಿದರೆ ಬೀದಿ.

"ಇನ್ನೂ ಮೂರು ತಿಂಗಳಿದೆಯಲ್ಲ ನಿಮಗೆ?"

"ಇದ್ರೆ ಇರಲಿ ಬಿಡಿ. ನಿಮ್ಮ ಮನೆ, ನೀವು ಬನ್ನಿ. ನಮ್ಮದು ಹೇಗೋ ಆಗುತ್ತೆ."

ಬಾಡಿಗೆದಾರನಿಗೆ ಕನ್ನಡಕದ ಅಂಗಡಿ. ಮೆದು ಮಾತಿನ ಮನುಷ್ಯ. ನಡುಮನೆಯಲ್ಲಿ ಆಗಲೇ ಎಂಟು ರಟ್ಟಿನ ಪೆಟ್ಟಿಗೆಗಳು ಹಗ್ಗ ಬಿಗಿಸಿಕೊಂಡು ಕುಳಿತಿದ್ದವು. ದಾರಿಗೆ ಅಡ್ಡವಿದ್ದ ಒಂದನ್ನು ಹೊಸ ಮಾಲೀಕ ಕಾಲಿನಿಂದ ಸರಿಸಿದ. ಸರಕ್ಕನೆ ಜಾರಿತು. ಬಟ್ಟೆ ಇರಬೇಕು ಅಂದುಕೊಂಡ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಹೊರಡುತ್ತಿದ್ದರು. ಆದರೆ ಇವನು ಇಪ್ಪತ್ತು ವರ್ಷ ಹಳೆಯ ಸ್ಕೂಟರುಗಳನ್ನು ಕೊಂಡು ಮಾರಿದವನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕಲಿತವನು. ಆ ವ್ಯಾಪಾರದಲ್ಲಿ ಅವನಿಗೆ ಎರಡು ಸೂತ್ರಗಳಿದ್ದವು. ಅಂಗಡಿಗೆ ಬಂದವರು ಕೇಳಲಿ, ಬಿಡಲಿ, ಅವನ್ನು ಹೇಳದೆ ಕಳಿಸುತ್ತಿರಲಿಲ್ಲ. ಒಂದು, ಬಿಟ್ಟುಕೊಡಲು ಅವಸರಪಡುವವನ ಗಾಡಿಯಲ್ಲಿ ಐಬು ಇದ್ದೇ ಇರುತ್ತದೆ. ಎರಡು, ಅನುಮಾನದ ಗಾಡಿಯನ್ನು ಹಳೆಯ ಮಾಲೀಕನೇ ಇನ್ನಷ್ಟು ದಿನ ಓಡಿಸಲಿ; ಕೆಟ್ಟರೆ ಅವನ ಕೈಯಲ್ಲೇ ಕೆಡಲಿ.

"ಮನೆ ಇನ್ನೊಂದು ಸಲ ನೋಡಬಹುದಾ?"

"ಧಾರಾಳವಾಗಿ ನೋಡಿ. ಎಲ್ಲ ಚೆನ್ನಾಗಿದೆ," ಎಂದಳು ಬಾಡಿಗೆದಾರನ ಹೆಂಡತಿ. ಹಾಗೆಂದು ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ.

ಹೊಸ ಮಾಲೀಕ ಗೋಡೆಗಳನ್ನು ಬೆರಳಿನಿಂದ ತಟ್ಟಿದ. ನಲ್ಲಿ ತಿರುಗಿಸಿದ. ಮೂಲೆಗಳಲ್ಲಿ ಬಗ್ಗಿ ಮೂಸಿದ. ಏನೂ ಸಿಗಲಿಲ್ಲ, ಅನುಮಾನ ಅದರಿಂದ ಇನ್ನೂ ಹೆಚ್ಚಾಯಿತು. ಅಡುಗೆಮನೆಯ ಕಪಾಟಿನಲ್ಲಿ ಪಾತ್ರೆಗಳೆಲ್ಲ ಇದ್ದ ಹಾಗೇ ಇದ್ದವು. ಅವನ್ನೂ ಬಿಟ್ಟು ಓಡುವಷ್ಟು ಅವಸರವೇ? ಕಿಟಕಿಗೆ ಹೊಸ ಜಾಲರಿ ಹಾಕಿಸಿದ್ದರು. ತಿರುಪುಗಳು ಇನ್ನೂ ಮಿಂಚುತ್ತಿದ್ದವು. ಆ ಕಿಟಕಿಯಿಂದ ಒಳಗೆ ಏನು ಬರುತ್ತಿತ್ತೋ!

ಕೋಣೆಯಲ್ಲಿ ಅವರ ಮಗಳು ಓದುತ್ತಿದ್ದಳು. ಅವಳ ತಲೆಯ ಮೇಲೆ ಗೋಡೆಗೆ ವೇಳಾಪಟ್ಟಿ ಅಂಟಿಸಿತ್ತು. ಕೊನೆಯ ಪರೀಕ್ಷೆಗೆ ಇನ್ನೂ ಹನ್ನೊಂದು ತಿಂಗಳು.

"ಕಾಲೇಜು ದೂರವೇನಮ್ಮ?"

"ಪಕ್ಕದ ಬೀದಿ ಅಂಕಲ್," ಎಂದಳು, ತಲೆ ಎತ್ತದೆ.

ಮಗಳ ಓದನ್ನೂ ಲೆಕ್ಕಿಸದೆ ಜಾಗ ಬಿಡುತ್ತಿದ್ದಾರೆ ಎಂದರೆ ಸಣ್ಣ ಕಾರಣವಲ್ಲ. ನಡುಮನೆಗೆ ಬಂದು ನೇರವಾಗಿ ಕೇಳಿದ. "ನಿಜ ಹೇಳಿ. ಯಾಕೆ ಹೋಗ್ತಿದ್ದೀರಿ?"

"ಕಾರಣ ಏನೂ ಇಲ್ಲ ಸಾರ್."

"ಕಾರಣ ಇಲ್ಲದೆ ಯಾರೂ ಹೀಗೆ ಹೊರಡಲ್ಲ."

"ವ್ಯಾಪಾರದಲ್ಲಿ ಪಳಗಿದವರು ನೀವು, ನಿಮಗೆ ನಾನೇನು ಹೇಳಲಿ?" ಎಂದ ಕನ್ನಡಕದವನು. "ನನ್ನ ಭಾವಮೈದ ನಿಮ್ಮ ಹತ್ರಾನೇ ಸ್ಕೂಟರ್ ತಗೊಂಡಿದ್ದು. ನಿಮ್ಮ ಮಾತು ಅಂದ್ರೆ ಅವನಿಗೆ ವೇದವಾಕ್ಯ."

"ಮನೇಲಿ ವಯಸ್ಸಾದವರು ಯಾರಾದ್ರೂ ಇದ್ದಾರಾ?" ಹೆಂಡತಿ ಮೆಲ್ಲಗೆ ಕೇಳಿದಳು.

"ಅಮ್ಮ ಇದ್ದಾರೆ. ಯಾಕೆ?"

"ಓ," ಎಂದಳು ಅವಳು.

ಆ ಒಂದಕ್ಷರ ಅವನನ್ನು ಕೂರಗೊಡಲಿಲ್ಲ. ಕೊಂಡಾಗಿದೆ; ಇನ್ನು ಮನೆ ಹಿಂದಿರುಗಿಸುವಂತಿಲ್ಲ. ಅಮ್ಮನನ್ನು ಕಣ್ಣು ಮುಚ್ಚಿಕೊಂಡು ಇಲ್ಲಿಗೆ ಕರೆತರುವಂತೆಯೂ ಇಲ್ಲ. ಪೆಟ್ಟಿಗೆಗಳ ನಡುವೆ ಅತ್ತಿಂದಿತ್ತ ನಾಲ್ಕು ಸಲ ನಡೆದ. ಐದನೇ ಸಲಕ್ಕೆ ಉಪಾಯ ಹೊಳೆಯಿತು.

"ನೀವು ಹೋಗೋ ಹಾಗಿಲ್ಲ," ಎಂದ. "ಮೂರು ತಿಂಗಳಲ್ಲ, ಇನ್ನೊಂದು ವರ್ಷ ಪೂರ್ತಿ ಇಲ್ಲೇ ಇರಬೇಕು. ಬಾಡಿಗೆ ಇಷ್ಟೇ. ಹೊಸ ಕರಾರು ಮಾಡ್ಕೊಳ್ಳೋಣ."

"ವರ್ಷವಾ?" ಹೆಂಡತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಮಧ್ಯದಲ್ಲಿ ನೀವು ಬಿಡೋ ಹಾಗಿಲ್ಲ. ನಾನೂ ಬಿಡಿಸಲ್ಲ. ಅದನ್ನೂ ಬರೆದುಕೊಡ್ತೀನಿ."

ಕನ್ನಡಕದವನು ದೊಡ್ಡದೊಂದು ಉಸಿರು ಬಿಟ್ಟ. "ಏನೋ ಸಾರ್, ನೀವು ಇಷ್ಟು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ?"

ಮಧ್ಯಾಹ್ನದೊಳಗೆ ಸಹಿ ಬಿತ್ತು.

ಅಂದು ಸಂಜೆ ಅವನು ಮೂರು ಮಹಡಿಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ. ಕಿಟಕಿಯ ಬಳಿ ಕುಳಿತಿದ್ದ ಅಮ್ಮನಿಗೆ ಎಲ್ಲವನ್ನೂ ಹೇಳಿದ. ಅವರು ಹೇಗೆ ಜಾರಿಕೊಳ್ಳಲು ನೋಡಿದರು, ತಾನು ಹೇಗೆ ಕಟ್ಟಿಹಾಕಿದೆ, ಮನೆಯ ಐಬು ಇನ್ನು ವರ್ಷದೊಳಗೆ ಹೇಗೆ ತಾನಾಗಿ ಹೊರಬೀಳುತ್ತದೆ ಎಂದು. ಅಲ್ಲಿಯವರೆಗೆ ಸ್ವಲ್ಪ ತಡೆದುಕೋ ಎಂದ.

ಅಮ್ಮ ತನ್ನ ಮಂಡಿಗಳನ್ನು ನೀವಿಕೊಂಡಳು. ಆಮೇಲೆ ಕೇಳಿದಳು:

"ಅಲ್ಲ ಮಗಾ, ನಾಳೇನೇ ಓಡಿಹೋಗ್ತೀವಿ ಅಂದೋರು, ಇನ್ನೊಂದು ವರ್ಷಕ್ಕೆ ಯಾಕಪ್ಪಾ ಸಹಿ ಹಾಕಿದ್ರು?"