ಐದೂವರೆ ಗಂಟೆ

ಜಾತಕ ಕೂಡುವುದಿಲ್ಲವೆಂದು ಜೋಯಿಸರು ಕಡ್ಡಿ ಮುರಿದಂತೆ ಹೇಳಿದಾಗ ಹುಡುಗಿಗೆ ಅಳು ಬರಲಿಲ್ಲ, ರೇಗಿತು. ಅವಳು ಮೆಚ್ಚಿದ ಹುಡುಗನೂ ಅವನ ತಾಯಿಯೂ ಎದುರಿಗೇ ಕೂತಿದ್ದರು. ತನ್ನ ಜಾತಕಕ್ಕೆ ಆಧಾರವಾಗಿದ್ದ, ಕಂಪ್ಯೂಟರಿನಲ್ಲಿ ಅಚ್ಚಾದ ಹಳೆಯ ಆಸ್ಪತ್ರೆ ಚೀಟಿಯನ್ನು ಅವಳು ಕಿತ್ತುಕೊಂಡು ನೋಡಿದಳು.

"ಬೆಳಗ್ಗೆ ಆರೂಕಾಲು ಅಂತಿದೆ. ಅಮ್ಮ, ನಾನು ಹುಟ್ಟಿದ್ದು ಯಾವಾಗ?"

"ಮಧ್ಯಾಹ್ನದ ಊಟದ ಕ್ಯಾರಿಯರ್ ಬಂದಿತ್ತು ಕಣೇ. ಹನ್ನೊಂದೂಮುಕ್ಕಾಲು. ಹೇಳಿದ್ರೆ ನಿಮ್ಮಪ್ಪ, ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಂದುಬಿಟ್ರು."

"ಹೇಳುತ್ತೆ!" ದಿನಾಂಕ, ವೇಳೆ ಹೇಗೆ ಅಚ್ಚಾಗಬೇಕೆಂದು ಕಂಪ್ಯೂಟರಿಗೆ ಬರೆದುಕೊಡುವುದೇ ಹುಡುಗಿಯ ಕೆಲಸ. "ನಮ್ಮ ದೇಶದ ವೇಳೇಲಿ ಅಚ್ಚು ಮಾಡು ಅಂತ ಬರೆಯೋದನ್ನ ಮರೆತ್ರೆ, ಅದು ಇಂಗ್ಲೆಂಡಿನ ಗ್ರೀನ್‌ವಿಚ್ ವೇಳೆ ಅಚ್ಚು ಮಾಡುತ್ತೆ. ಐದೂವರೆ ಗಂಟೆ ಸೇರಿಸಿ ಜೋಯಿಸ್ರೇ."

ಜೋಯಿಸರು ಸೇರಿಸಿದರು, ಬೆರಳು ಮಡಿಸಿ ಎಣಿಸಿದರು, ಕನ್ನಡಕ ತೆಗೆದರು.

"ನಕ್ಷತ್ರವೇ ಬದಲಾಯ್ತಲ್ಲಮ್ಮ! ಮೂವತ್ತಾರಕ್ಕೆ ಮೂವತ್ತೊಂದು ಗುಣ ಕೂಡ್ತವೆ."

ಹುಡುಗಿ ಗೆದ್ದವಳಂತೆ ಚೀಟಿಯನ್ನು ಮೇಜಿನ ಮೇಲಿಟ್ಟಳು. ಹುಡುಗನ ತಾಯಿ ಅದನ್ನೆತ್ತಿಕೊಂಡು ಮೇಲಿದ್ದ ಆಸ್ಪತ್ರೆಯ ಹೆಸರು ಓದಿದರು. ಅವರ ಮುಖ ಅರಳಿತು.

"ಅರೆ, ನಮ್ಮವನೂ ಇಲ್ಲೇ ಹುಟ್ಟಿದ್ದು! ಅವನ ಜಾತಕಾನೂ ಇಂಥದ್ದೇ ಚೀಟಿ ನೋಡಿ ಬರೆಸಿದ್ದು."