ಮೊದಲ ಶುಕ್ರವಾರ

"ಮೇಡಂ, ನಿಮ್ಮ ಗ್ಯಾಲರಿ ಜನ ಈ ತಿಂಗಳೂ ಬಂದಿದ್ದಾರೆ. ದಯವಿಟ್ಟು ಕರ್ಕೊಂಡು ಹೋಗಿ." ದಂತವೈದ್ಯೆ ಲಿಗಾಯಾ ಹೀಗೆಂದು ಫೋನಿಟ್ಟ ಅರ್ಧ ಗಂಟೆಗೆ ಥೋರಾ ಏದುಸಿರು ಬಿಡುತ್ತ ಮೂರನೇ ಮಹಡಿ ಹತ್ತಿ ಬಂದರು.

ಕೆನಡಾದ ವಿನಿಪೆಗ್‌ನ ಆ ಹಳೆಯ ಗೋದಾಮಿನಲ್ಲಿ ಕಲಾವಿದರೇ ಸೇರಿ ಮೂವತ್ತನಾಲ್ಕು ವರ್ಷ ನಡೆಸಿದ ಗ್ಯಾಲರಿ ಜೂನ್‌ನಲ್ಲಿ ಮುಚ್ಚಿತ್ತು; ಅದೇ ಜಾಗದಲ್ಲಿ ಈಗ ಲಿಗಾಯಾರ ಹಲ್ಲಿನ ಕ್ಲಿನಿಕ್ ಇತ್ತು. ಗ್ಯಾಲರಿ ಕಟ್ಟಿದವರ ಪೈಕಿ ಉಳಿದವರು ಥೋರಾ ಒಬ್ಬರೇ. ಇನ್ನು ಆ ಮೆಟ್ಟಿಲು ತುಳಿಯುವುದಿಲ್ಲವೆಂದು ಹಟ ಹಿಡಿದಿದ್ದರು. ಆದರೆ ತಿಂಗಳ ಮೊದಲ ಶುಕ್ರವಾರ ಸಂಜೆ ಅಲ್ಲಿಗೆ ಚಿತ್ರ ನೋಡಲು ಬಂದು ರೂಢಿಯಾದವರಿಗೆ ಬುದ್ಧಿ ಹೇಳುವವರು ಯಾರು?

ರೋಗಿಗಳು ಕಾಯುವ ಕೋಣೆಯಲ್ಲಿ ಒಂಬತ್ತು ಜನ ವೈನ್ ಲೋಟ ಹಿಡಿದು, ಹಲ್ಲಿನ ಎಕ್ಸ್‌ರೇಯೊಂದನ್ನು ತದೇಕಚಿತ್ತದಿಂದ ನೋಡುತ್ತಿದ್ದರು.

"ಹೋದ ತಿಂಗಳು ಒಬ್ರು ಅದರ ಬೆಲೆ ಕೇಳಿದ್ರು," ಎಂದರು ಲಿಗಾಯಾ. "ಅದು ನನ್ನ ಪೇಷಂಟ್ ದವಡೆ ಕಣ್ರೀ!"

ಥೋರಾಗೆ ನಗು ತಡೆಯಲಾಗಲಿಲ್ಲ. ಆದರೂ ಗದರಿದರು: "ನಡೀರ್ರೋ ಎಲ್ಲಾ! ಹಲ್ಲು ಕೀಳಿಸ್ಕೊಳ್ಳೋರು ಮಾತ್ರ ಇರಿ."

ಅಷ್ಟರಲ್ಲಿ ಕಂಕುಳಲ್ಲಿ ಕಾಗದದ ಸುರುಳಿ ಅವುಚಿಕೊಂಡ ಯುವತಿಯೊಬ್ಬಳು ಬಾಗಿಲಲ್ಲಿ ನಿಂತಳು. ಹೆಸರು ದರಿನಾ, ದೂರದ ಬ್ರ್ಯಾಂಡನ್‌ನಿಂದ ಬಸ್ಸಿನಲ್ಲಿ ಬಂದಿದ್ದಳು. "ಇಲ್ಲಿ ಯಾರು ಚಿತ್ರ ತಂದ್ರೂ ನೋಡ್ತಾರಂತೆ. ನಮ್ಮ ಮೇಷ್ಟ್ರ ಮೊದಲ ಚಿತ್ರ ಹಾಕಿದ್ದೂ ಇಲ್ಲೇ ಅಂತೆ."

ಮುಚ್ಚಿಹೋಯಿತಮ್ಮ ಎನ್ನಲು ಥೋರಾ ಬಾಯಿ ತೆರೆದರು. ಆದರೆ ಕೈ ಆಗಲೇ ಆ ಸುರುಳಿಯತ್ತ ಚಾಚಿತ್ತು.

ಲಿಗಾಯಾ ಥೋರಾರ ಮುಖ ನೋಡಿದರು, ಎದುರಿನ ಬೋಳು ಗೋಡೆ ನೋಡಿದರು. "ತಗೊಂಡು ಬಾಮ್ಮ ಒಳಗೆ. ನನಗೆ ಕಲೆಗಿಲೆ ಅರ್ಥ ಆಗಲ್ಲ, ಮೊದಲೇ ಹೇಳಿದೀನಿ."

"ನಮಗೆ ಮಾತ್ರ ಎಲ್ಲಿ ಆಗ್ತಿತ್ತು ಡಾಕ್ಟ್ರೇ? ಮೊದಲು ಗೋಡೆಗೆ ಹಾಕ್ತಿದ್ವಿ, ಆಮೇಲೆ ಜಗಳ ಆಡ್ತಿದ್ವಿ," ಎಂದರು ಥೋರಾ.

ಬ್ಯಾಂಡೇಜ್ ಪಟ್ಟಿಯಿಂದ ಚಿತ್ರವನ್ನು ಗೋಡೆಗೆ ಅಂಟಿಸಿದರು. ಹಿಮದ ಬಯಲಿನ ನಡುವೆ ಒಂಟಿ ನೀಲಿ ಫ್ರಿಜ್ಜು. ಬಾಗಿಲು ತೆರೆದಿದೆ, ಒಳಗೆ ದೀಪ ಉರಿಯುತ್ತಿದೆ. ಬಾಗಿಲು ತೆಗೆದವರು ಯಾರು ಎಂದು ಜಗಳ ಶುರುವಾಯಿತು. ಯಾರೋ ಲಿಗಾಯಾ ಕೈಗೂ ಒಂದು ಲೋಟ ಕೊಟ್ಟರು. "ಹಸಿದವರೇ ತೆಗೆದಿರ್ತಾರೆ, ಇನ್ಯಾರು!" ಎಂದು ಅವರೂ ದನಿ ಏರಿಸಿದರು. ದರಿನಾ ಮೂಲೆಯಲ್ಲಿ ನಿಂತು ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದಳು.

ಏಳು ಗಂಟೆಯಾಯಿತು. ಲಿಗಾಯಾ ಮೆಲ್ಲಗೆ ಕೇಳಿದರು: "ಮೇಡಂ, ಇವರೆಲ್ಲ ಮನೆಗೆ ಹೋಗೋದು ಯಾವಾಗ?"

ಥೋರಾ ಕುರ್ಚಿ ಎಳೆದುಕೊಂಡು ಕೂತರು. "ಅದೊಂದು ಮಾತ್ರ ನನಗೂ ಇವತ್ತಿನವರೆಗೆ ಗೊತ್ತಾಗಿಲ್ಲ ಡಾಕ್ಟ್ರೇ."